ತಾರಸಿಗೇರಿದ ನಿಂಬೆ ಗಿಡ

ಜನವರಿ 9

ಪ್ರಿಯ ಸಿಮೆಂಟು,

ಫೋನ್ ಮಾಡಿದರೆ ಆಗುತ್ತಿರಲಿಲ್ಲವೇ ಎಂದು ನೀನು ಕೇಳುತ್ತೀಯ. ಆಗುತ್ತಿರಲಿಲ್ಲ. ಫೋನಿನಲ್ಲಿ ನೀನು ಎಲ್ಲದಕ್ಕೂ 'ಹೂಂ ಭಾವ' ಅನ್ನುತ್ತೀಯ, ಆಮೇಲೆ ಹಾಗೆ ಹೇಳಿಯೇ ಇಲ್ಲ ಅನ್ನುತ್ತೀಯ. ಕಾಗದದಲ್ಲಿ ಆ ಸೌಲಭ್ಯ ಇಲ್ಲ. ನೀನು ಸೇತುವೆ ಕಟ್ಟುತ್ತಿರುವ ಜಾಗಕ್ಕೆ ಅಂಚೆ ನಿಧಾನ ಎಂದು ಗೊತ್ತು. ಸೇತುವೆಯೂ ನಿಧಾನವೇ ಅಲ್ಲವೇ.

ವಿಷಯಕ್ಕೆ ಬರುತ್ತೇನೆ. ನಾನು ತಾರಸಿಯ ಮೇಲೆ ತೋಟ ಮಾಡುತ್ತೇನೆ.

ನಗಬೇಡ. ನಮ್ಮ ಅಂಗಳ ಹೋದದ್ದು ನಿನಗೆ ಗೊತ್ತು. ಹೇಗೆ ಹೋಯಿತು ಎಂಬುದನ್ನು ಊರೆಲ್ಲ ಮರೆತಿದೆ, ನಾನು ಮರೆತಿಲ್ಲ. ಈ ರಸ್ತೆಯನ್ನು ಅಗಲ ಮಾಡುವ ಮಾತು ಮೊದಲು ಎದ್ದದ್ದು ನಿನ್ನ ಅಕ್ಕ ನಿಂಬೆ ಗಿಡ ನೆಟ್ಟ ವರ್ಷ. ಆಗಿನ ಪುರಸಭೆಯ ಅಧ್ಯಕ್ಷರು ಮೊದಲನೆಯ ನಕ್ಷೆ ತಂದು ನಮ್ಮ ಗೇಟಿನ ಮುಂದೆ ನಿಂತು 'ನಿಮ್ಮ ಒಂದು ಎಲೆ ಅಲುಗಾಡಲ್ಲ' ಅಂದಿದ್ದರು. ಕಂದು ಕೋಟು, ಎಡಗೈಯಲ್ಲಿ ಅರ್ಧ ಸೇದಿದ ಸಿಗರೇಟು. ಎರಡನೆಯ ನಕ್ಷೆಯಲ್ಲಿ ರಸ್ತೆ ಎದುರು ಸಾಲಿನ ಕಡೆಗೆ ಸರಿದಿತ್ತು. ಆ ಸಾಲಿನಲ್ಲಿ ಒಬ್ಬ ಗುತ್ತಿಗೆದಾರರು ಮನೆ ಕಟ್ಟಿಸಿದ ಮೇಲೆ ಮೂರನೆಯ ನಕ್ಷೆ ಬಂತು, ರಸ್ತೆ ನಮ್ಮ ಕಡೆಗೆ ವಾಲಿತು. ನಲವತ್ತು ವರ್ಷ ಪತ್ರಿಕೆಯಲ್ಲಿ ಕರಡು ತಿದ್ದಿದವನಿಗೆ ಎರಡು ನಕ್ಷೆಗಳ ನಡುವೆ ಗೆರೆ ಎಲ್ಲಿ ಜಾರಿತೆಂದು ಯಾರೂ ತೋರಿಸಿಕೊಡಬೇಕಾಗಿಲ್ಲ. ತೋರಿಸಿದೆ. 'ಬರೆದು ಕೊಡಿ' ಅಂದರು. ಬರೆದು ಕೊಟ್ಟೆ. ಕಳೆದ ವರ್ಷ ಯಂತ್ರ ಬಂತು. ನಾನು ಕನ್ನಡಕ ಹುಡುಕಿಕೊಂಡು ಹೊರಗೆ ಬರುವಷ್ಟರಲ್ಲಿ ನಿಂಬೆ ಗಿಡ ಮಲಗಿತ್ತು.

ಈಗಾದರೂ ಅಲ್ಲಿ ರಸ್ತೆ ಇದೆಯೇ? ಹೂಳದೆ ಬಿಟ್ಟ ಪೈಪುಗಳ ರಾಶಿ ಇದೆ. ಅದರ ಮೇಲೆ ಒಂದು ನಾಯಿ ಬಿಸಿಲು ಕಾಯಿಸಿಕೊಳ್ಳುತ್ತದೆ. ನಾಯಿಗೊಂದು ಮಂಚ ಮಾಡಿಕೊಡಲು ನಮ್ಮ ಅಂಗಳ ತೆಗೆದುಕೊಂಡರು.

ಅಂದಿನಿಂದ ನಿನ್ನ ಅಕ್ಕ ಮಣ್ಣು ಮುಟ್ಟಿಲ್ಲ. ಅಡುಗೆಮನೆಯಲ್ಲಿ ಸ್ಟೂಲಿನ ಮೇಲೆ ಕೂತು ತರಕಾರಿ ಹೆಚ್ಚುತ್ತಾಳೆ. ತರಕಾರಿಯವಳನ್ನು ಬಾಗಿಲಿಗೇ ಕರೆಸಿಕೊಳ್ಳುತ್ತಾಳೆ, ಗೇಟಿನವರೆಗೂ ಹೋಗುವುದಿಲ್ಲ. ದುಃಖ ಹೀಗೂ ಕೂರಿಸುತ್ತದೆ ಮನುಷ್ಯರನ್ನು. ಮಳೆ ಹಿಡಿಯುವ ಮೊದಲು ಅವಳು ಮತ್ತೆ ತನ್ನ ಕೈಯಾರೆ ಒಂದು ನಿಂಬೆ ಸಸಿ ನೆಡಬೇಕು. ನನಗೆ ಬೇಕಾದದ್ದು ಅಷ್ಟೇ. ಅವರು ನೆಲ ಕಿತ್ತುಕೊಂಡರೆ ನಾನು ಅವರ ತಲೆಯ ಮೇಲೆ ಬೆಳೆಯುತ್ತೇನೆ.

ಕಾಂಕ್ರೀಟು ನಿನ್ನ ಸುಪರ್ದಿ. ತಾರಸಿ ಎಷ್ಟು ಭಾರ ತಡೆಯುತ್ತದೆ, ಮಣ್ಣು ಎಷ್ಟು ಆಳ ಇರಬೇಕು, ಎಲ್ಲವನ್ನೂ ಬರೆ.

ನಿನ್ನ ಭಾವ


ಜನವರಿ 27

ಭಾವನಿಗೆ ನಮಸ್ಕಾರ.

ನಕ್ಕೆ. ಕ್ಷಮಿಸಿ. ನಾಯಿಯ ಮಂಚಕ್ಕೆ ನಕ್ಕೆ, ತೋಟಕ್ಕಲ್ಲ.

ಒದ್ದೆ ಮಣ್ಣಿನ ಭಾರ ಒಣ ಮಣ್ಣಿನ ಹಾಗಲ್ಲ ಎನ್ನುವುದನ್ನು ಎಲ್ಲರೂ ಮರೆಯುತ್ತಾರೆ. (ನೀವು ಮರೆಯುವುದಿಲ್ಲ, ಗೊತ್ತು.) ತಾರಸಿಯ ನಡುವೆ ಏನನ್ನೂ ಪೇರಿಸಬೇಡಿ. ಕೆಳಗೆ ಗೋಡೆ ಇರುವ ಕಡೆ, ಅಂಚಿನ ಉದ್ದಕ್ಕೆ ಮಾತ್ರ ಮಡಿ ಮಾಡಿ. ಬರೀ ಮಣ್ಣು ಬೇಡ. ಒಂದು ಪಾಲು ಮಣ್ಣು, ಒಂದು ಪಾಲು ಕೊಳೆತ ಗೊಬ್ಬರ, ಒಂದು ಪಾಲು ತೆಂಗಿನ ನಾರಿನ ಪುಡಿ. ಹಗುರವಾಗಿರುತ್ತದೆ, ನೀರನ್ನೂ ಹಿಡಿದಿಡುತ್ತದೆ. ಸೊಪ್ಪಿಗೆ ಒಂದು ಗೇಣು ಆಳ ಸಾಕು. ನಿಂಬೆಗೆ ದೊಡ್ಡ ಡ್ರಮ್ಮೇ ಬೇಕು. ಮಡಿಗಳನ್ನು ಇಟ್ಟಿಗೆಯ ಮೇಲೆ ಎತ್ತಿಡಿ, ಅಡಿಯಲ್ಲಿ ನೀರು ಹರಿದುಹೋಗಲಿ.

ಎಲ್ಲಕ್ಕಿಂತ ಮೊದಲು ನೀರು ನಿಲ್ಲಿಸುವ ಪರೀಕ್ಷೆ. ತಾರಸಿಯ ತೂಬುಗಳನ್ನು ಮುಚ್ಚಿ, ಎರಡು ಬೆರಳು ಎತ್ತರ ನೀರು ತುಂಬಿ, ಎರಡು ದಿನ ಬಿಡಿ. ಮಹಡಿಮನೆಯ ಬಾಡಿಗೆದಾರರ ಸೂರು ಒದ್ದೆಯಾಯಿತೋ ನೋಡಿ. ಅವರಿಗೆ ಮೊದಲೇ ಹೇಳಿ, ದಮ್ಮಯ್ಯ.

ಅಕ್ಕ ಏನಂತಾಳೆ? ಅವಳನ್ನು ಕೇಳಿದಿರಾ?

ನಿಮ್ಮ ಸಿಮೆಂಟು


ಫೆಬ್ರವರಿ 20

ಪ್ರಿಯ ಸಿಮೆಂಟು,

ಕೇಳಿದೆ. 'ಮಾಡಿ' ಅಂದಳು. ಒಂದೇ ಮಾತು. ಆಮೇಲೆ, 'ಏಣಿ ಮೇಲೆಲ್ಲ ಹತ್ತಬೇಡಿ' ಅಂದಳು. ಇದನ್ನು ಒಪ್ಪಿಗೆ ಎಂದೇ ದಾಖಲಿಸಿಕೊಂಡಿದ್ದೇನೆ.

ನಿನ್ನ ಪರೀಕ್ಷೆ ಮಾಡಿದೆ. ಮಹಡಿಮನೆಯ ಹಲ್ಲಿನ ಡಾಕ್ಟರಿಗೆ ಮೊದಲೇ ಹೇಳಿದ್ದೆ, ಆದರೆ ಅವರು ರೋಗಿಗಳ ಬಾಯಿ ನೋಡಿ ನೋಡಿ ಯಾರ ಬಾಯಿಂದ ಬಂದ ಮಾತನ್ನೂ ಕೇಳಿಸಿಕೊಳ್ಳುವ ಅಭ್ಯಾಸ ಕಳೆದುಕೊಂಡಿದ್ದಾರೆ. ಎರಡನೆಯ ದಿನ ಬೆಳಗ್ಗೆ ಟವೆಲ್ಲಿನಲ್ಲೇ ಮೇಲೆ ಓಡಿ ಬಂದರು.

'ಯಜಮಾನ್ರೇ, ನನ್ ತಲೆ ಮೇಲೆ ಕೆರೆ ಕಟ್ಟಿದ್ದೀರಂತೆ!'

'ಮೊನ್ನೆ ಹೇಳಿದ್ನಲ್ಲ ಡಾಕ್ಟ್ರೇ.'

'ತೋಟ ಅಂದ್ರಿ. ಮೀನು ಸಾಕ್ತೀನಿ ಅಂದಿರ್ಲಿಲ್ಲ.'

ಅವರ ಬಟ್ಟೆ ಕಪಾಟಿನ ಮೇಲೆ ಸೂರು ಬೆವರಿತ್ತು. ಸೋರುವ ಜಾಗ ಸಿಕ್ಕಿತು. ಅದು ಹಿಂದೆ ಒಡೆದು ತೆಗೆದ ನೀರಿನ ಬಾನಿ ಇದ್ದ ಜಾಗ. ಈ ತಾರಸಿಗೆ 'ಇಪ್ಪತ್ತು ವರ್ಷ ಒಂದು ಹನಿ ಇಳಿಯಲ್ಲ' ಎಂದು ಎದೆ ತಟ್ಟಿಕೊಂಡಿದ್ದ ಗುತ್ತಿಗೆದಾರ ಯಾರು ಗೊತ್ತೇ? ಎದುರು ಸಾಲಿನ ಅದೇ ಮಹಾನುಭಾವ. ಹೋಗಿ ಕೇಳಿದರೆ, 'ನೀರು ನಿಲ್ಸಿದ್ರೆ ಯಾವ ತಾರಸಿ ಸೋರಲ್ಲ ಸ್ವಾಮಿ?' ಅಂದ. ಮಳೆ ಬೀಳುವಾಗ ಅನುಮತಿ ಕೇಳಿ ಬೀಳಬೇಕು ಅಂತ ಇವನ ಲೆಕ್ಕ.

ಬಿರುಕು ಬಿಡಿಸಿ ತುಂಬಿಸಿದ್ದೇನೆ. ಜಲನಿರೋಧಕ ಲೇಪ ಒಂದು ಸಲ ಉದ್ದಕ್ಕೆ, ಒಣಗಿದ ಮೇಲೆ ಇನ್ನೊಂದು ಸಲ ಅಡ್ಡಕ್ಕೆ. ಮತ್ತೆ ನೀರು ನಿಲ್ಲಿಸಿದೆ. ಈ ಸಲ ಸೂರು ಒಣಗಿತ್ತು. ಡಾಕ್ಟರು ಮಾತ್ರ ಇನ್ನೂ ಕೊಡೆ ಹಿಡಿದು ಮಲಗುತ್ತೇನೆ ಎಂದು ಬೀದಿಗೆಲ್ಲ ಹೇಳುತ್ತಿದ್ದಾರೆ.

ಮಣ್ಣು ಎತ್ತಲು ಅಡುಗೆಮನೆಯ ಬಾಗಿಲ ನೇರಕ್ಕೆ ತಾರಸಿಯಿಂದ ರಾಟೆಗೆ ಬಕೀಟು ಕಟ್ಟಿ ಇಳಿಬಿಟ್ಟಿದ್ದೇನೆ. ನಿನ್ನ ಅಕ್ಕ ಅದೇ ಬಕೀಟಿನಲ್ಲಿ ಚಹಾ ಕಟ್ಟಿ ಕಳಿಸುತ್ತಾಳೆ! ಕೆಳಗಿನಿಂದ 'ಎಳೀರಿ' ಎಂದು ಕೂಗುತ್ತಾಳೆ. ತಾನೇ ತರಬಾರದೇ? ಬಂದು ನೋಡಬಾರದೇ? ಒಲೆಯ ಮೇಲೆ ಹಾಲಿದೆ ಅನ್ನುತ್ತಾಳೆ. ನಮ್ಮ ಮನೆಯಲ್ಲಿ ಇತ್ತೀಚೆಗೆ ಹಾಲು ಯಾವಾಗಲೂ ಒಲೆಯ ಮೇಲೇ ಇರುತ್ತದೆ.

ಇನ್ನೊಂದು ಮೋಸ ಕೇಳು. ಕಳೆದ ವರ್ಷ ಮನೆಯೊಳಗಿನ ಓಣಿಯ ಗೋಡೆಗೆ ಹೊಡೆಸಿದ ಬಣ್ಣ ಆಗಲೇ ಕಪ್ಪಾಗುತ್ತಿದೆ. ಅಡುಗೆಮನೆಯಿಂದ ಮಲಗುವ ಕೋಣೆಯವರೆಗೆ, ಸೊಂಟದೆತ್ತರಕ್ಕೆ, ಗೆರೆ ಎಳೆದ ಹಾಗೆ ಕೊಳೆ. ತೊಳೆಯಬಹುದಾದ ಬಣ್ಣ ಎಂದು ಕೊಟ್ಟಿದ್ದರು. ಅಂಗಡಿಯವನಿಗೂ ಒಂದು ಪತ್ರ ಹೋಗುತ್ತದೆ.

ನಿನ್ನ ಭಾವ


ಮಾರ್ಚ್ 8

ಭಾವ,

ಪರೀಕ್ಷೆ ಸರಿಯಾಗಿಯೇ ಮಾಡಿದ್ದೀರಿ. ನನ್ನ ಕೆಳಗಿರುವ ಎಂಜಿನಿಯರುಗಳಿಗೆ ನಿಮ್ಮ ಕಾಗದ ಓದಿ ಹೇಳಿದೆ.

ಮೊನ್ನೆ ಅಕ್ಕ ಫೋನ್ ಮಾಡಿದ್ದಳು. ಅದೂ ಇದೂ ಮಾತಾಡಿದೆವು.

ನನಗೊಂದು ಯೋಚನೆ. ಅಡುಗೆಮನೆಯ ಬಾಗಿಲಿಗೂ ಪುರಸಭೆಯವರು ಕಟ್ಟಿದ ಹೊಸ ಗಡಿಗೋಡೆಗೂ ನಡುವೆ ಒಂದು ಪಟ್ಟಿ ನೆಲ ಉಳಿದಿದೆಯಲ್ಲ, ನಾಲ್ಕು ಹೆಜ್ಜೆ ಅಗಲದ್ದು? ಅಲ್ಲಿಗೆ ಬೆಳಗಿನ ಬಿಸಿಲು ಚೆನ್ನಾಗಿ ಬೀಳುತ್ತದೆ. ನಿಂಬೆಯನ್ನಾದರೂ ಅಲ್ಲಿ ನೆಡಬಹುದು. ಡ್ರಮ್ಮಿನಲ್ಲಿ ನಿಂಬೆ ಎಂದಿಗೂ ನೆಲದಲ್ಲಿ ಬೆಳೆದ ಹಾಗೆ ಬೆಳೆಯುವುದಿಲ್ಲ. ಅಷ್ಟೊಂದು ಮೇಲೆ ಯಾಕೆ?

ತಾರಸಿಯ ಮೆಟ್ಟಿಲಿಗೆ ಹಿಡಿದು ಹತ್ತಲು ಕಂಬಿಯೂ ಇಲ್ಲ. ಹಾಕಿಸಿಬಿಡಿ.

ಸಿಮೆಂಟು


ಮಾರ್ಚ್ 19

ಸಿಮೆಂಟು,

ನಿನ್ನ ಕಾಗದ ಓದಿದೆ. ಬೇರೆ ಯಾರೇ ಬರೆದಿದ್ದರೂ ಹರಿದು ಎಸೆಯುತ್ತಿದ್ದೆ.

ಆ ಪಟ್ಟಿ ನೆಲದಲ್ಲಿ ನಾನು ಹುಲ್ಲುಕಡ್ಡಿಯನ್ನೂ ನೆಡುವುದಿಲ್ಲ. ಯಾಕೆ ಹೇಳಲೇ? ಅವರು ಕಟ್ಟಿದ ಗೋಡೆಯ ಪಕ್ಕದಲ್ಲಿ ನಾನು ಪಾತಿ ಮಾಡಿ ನೀರು ಹಾಕಿದ ದಿನ, ಆ ಗೋಡೆಯೇ ನನ್ನ ಗಡಿ ಎಂದು ನಾನೇ ಒಪ್ಪಿಕೊಂಡ ಹಾಗೆ. ನಾಳೆ ನಾನು ಮತ್ತೆ ಹಾಕಿರುವ ಅರ್ಜಿಯ ವಿಚಾರಣೆಗೆ ಹೋದರೆ ಫೋಟೋ ತೋರಿಸುತ್ತಾರೆ: 'ನೋಡಿ ಸ್ವಾಮಿ, ಇವರೇ ಗೋಡೆ ನೋಡಿಕೊಂಡು ಗಿಡ ನೆಟ್ಟಿದ್ದಾರೆ, ಇನ್ನೇನು ತಕರಾರು?' ಇತಿಹಾಸದಲ್ಲಿ ಎಷ್ಟೋ ನೆಲ ಹೋಗಿರುವುದು ಯುದ್ಧದಿಂದಲ್ಲ, ಸೋತವರು ಉಳಿದ ಚೂರಿನಲ್ಲಿ ಸೊಪ್ಪು ಬೆಳೆಯಲು ಕೂತದ್ದರಿಂದ. ನಾಲ್ಕು ಪುಸ್ತಕ ಓದಿದವನಿಗೆ ಇದು ಗೊತ್ತಿರಬೇಕು. ಆ ಪಟ್ಟಿ ಖಾಲಿ ಇರಬೇಕು. ಬೋಳಾಗಿ, ಅವರ ಕಣ್ಣು ಚುಚ್ಚುವ ಹಾಗೆ ಇರಬೇಕು.

ಕಂಬಿಯ ಸಲಹೆಗೂ ಧನ್ಯವಾದ. ನನಗಿನ್ನೂ ಅಷ್ಟು ವಯಸ್ಸಾಗಿಲ್ಲ. ಎರಡು ಮಹಡಿ ಮೆಟ್ಟಿಲನ್ನು ಗೊಬ್ಬರದ ಚೀಲ ಹೊತ್ತು ಹತ್ತುತ್ತಿದ್ದೇನೆ.

ಗೊಬ್ಬರದ ಮಾತು ಬಂತಲ್ಲ. ಎರಡು ವರ್ಷ ಕೊಳೆತದ್ದು ಎಂದು ಆ ವ್ಯಾಪಾರಿ ಕಳಿಸಿದ ಚೀಲಗಳಲ್ಲಿ ಮೂರು ಪಾಲು ಒಡೆದ ಹೆಂಚು, ಒಂದು ಮಗುವಿನ ಚಪ್ಪಲಿ. ಜರಡಿ ಹಿಡಿದು ಕೂತಿದ್ದೇನೆ. ಇಡೀ ಊರನ್ನೇ ಹೀಗೆ ಜರಡಿಗೆ ಹಾಕಬೇಕು.

ಭಾವ


ಏಪ್ರಿಲ್ 6

ಭಾವ,

ನಿಮಗೆ ನೋವು ಮಾಡಬೇಕೆಂದು ಬರೆದದ್ದಲ್ಲ. ಆ ಪಟ್ಟಿಯ ಮಾತು ಬಿಟ್ಟೆ.

ಕಂಬಿ ನಿಮಗೆ ಬೇಡದಿದ್ದರೆ ಬಿಡಿ, ನನಗಾಗಿ ಹಾಕಿಸಿ. ಸೇತುವೆ ಮುಗಿಸಿ ಬಂದಾಗ ತೋಟ ನೋಡಲು ನಾನು ಹತ್ತಬೇಕಲ್ಲ. ನನಗೆ ಎತ್ತರವೆಂದರೆ ಭಯ ಎಂದು ಯಾರಿಗೂ ಹೇಳಬೇಡಿ, ಕೆಲಸ ಹೋಗುತ್ತದೆ.

ನೀವು ಈಗ ಚೆನ್ನಾಗಿ ಊಟ ಮಾಡುತ್ತಿದ್ದೀರಂತೆ. ಅಕ್ಕ ಹೇಳಿದಳು.

ಸಿಮೆಂಟು


ಮೇ 11

ಪ್ರಿಯ ಸಿಮೆಂಟು,

ತಡವಾಯಿತು. ಬರೆಯಲು ಸುದ್ದಿ ಇತ್ತು, ಮನಸ್ಸಿರಲಿಲ್ಲ.

ನೆಟ್ಟದ್ದನ್ನು ಮೊದಲು ಹೇಳುತ್ತೇನೆ. ಪೂರ್ವದ ಅಂಚಿಗೆ ಸೊಪ್ಪಿನ ಮಡಿ, ದಕ್ಷಿಣಕ್ಕೆ ಟೊಮೇಟೊ, ಬದನೆ. ಬೀನ್ಸ್ ಬಳ್ಳಿಯನ್ನು ಹಳೆಯ ಮಂಚದ ಚೌಕಟ್ಟಿಗೆ ಹಬ್ಬಿಸಿದೆ. ಮೊದಲ ಸಲ ಬಿತ್ತಿದ್ದೆಲ್ಲ ಕಮರಿತು. ಹಗಲು ಕಾದ ಕಾಂಕ್ರೀಟು ಸಂಜೆಯಾದರೂ ಬೇರು ಬೇಯಿಸುತ್ತದೆ ಎಂದು ನೀನೂ ಹೇಳಲಿಲ್ಲ, ನನ್ನ ಪುಸ್ತಕವೂ ಹೇಳಲಿಲ್ಲ. ಹಸಿರು ನೆರಳುಬಲೆ ಕಟ್ಟಿದೆ, ಗಾಳಿ ಅದನ್ನು ಹಾರಿಸಿಕೊಂಡು ಹೋಗಿ ಪೈಪುಗಳ ಮೇಲಿನ ನಾಯಿಗೆ ಹೊದಿಸಿತು. ನನಗಿಂತ ಆ ನಾಯಿಗೇ ಪುರಸಭೆಯಿಂದ ಹೆಚ್ಚು ಅನುಕೂಲವಾಗಿದೆ. ಮತ್ತೆ ಕಟ್ಟಿದೆ. ಮತ್ತೆ ಬಿತ್ತಿದೆ. ಪಾರಿವಾಳಗಳು ಹೆಕ್ಕಿದವು. ಇನ್ನೊಮ್ಮೆ ಬಿತ್ತಿದೆ.

ಈಗ ಹಸಿರಾಗಿದೆ. ಹಲ್ಲಿನ ಡಾಕ್ಟರು ಕೂಡ ಸಂಜೆ ಮೇಲೆ ಬಂದು, 'ಸೂರು ಸೋರಿದ್ರೂ ಪರ್ವಾಗಿಲ್ಲ, ನಾಲ್ಕು ಟೊಮೇಟೊ ಸೋರ್ಲಿ' ಎಂದು ಕೈಚೀಲ ತೋರಿಸುತ್ತಾರೆ. ನಿಂಬೆ ಸಸಿ ತಂದು ಡ್ರಮ್ಮಿನ ಪಕ್ಕದಲ್ಲಿ ಇಟ್ಟಿದ್ದೇನೆ, ಕವರಿನಲ್ಲೇ ಇದೆ. ನೆಡುವುದು ಅವಳ ಕೆಲಸ.

ಅವಳು ಬರಲಿಲ್ಲ.

ಒಂದು ದಿನ ತಲೆನೋವು. ಒಂದು ದಿನ ಯಾರೋ ಬರುತ್ತಾರೆ. ನಿನ್ನೆ ನೇರವಾಗಿಯೇ ಕೇಳಿದೆ: 'ಒಂದ್ಸಲ ಬಂದು ನೋಡೋಕಾಗಲ್ವಾ ನಿಂಗೆ?' ಅವಳು ನನ್ನ ಮುಖ ನೋಡಿದಳು. 'ನೀವು ಹೇಳಿದ್ರೆ ನೋಡಿದ ಹಾಗೇ ಆಗತ್ತೆ ಕಣ್ರೀ' ಅಂದಳು. ಹಾಗೆ ಹೇಳುವಾಗ ಅವಳ ದನಿಯಲ್ಲಿ ಏನೋ ಇತ್ತು.

ಅದೇನೆಂದು ನನಗೆ ಗೊತ್ತಾಗಿದೆ ಸಿಮೆಂಟು. ಅವಳು ನನ್ನನ್ನು ಕ್ಷಮಿಸಿಲ್ಲ. ಯಂತ್ರ ಬರುವ ಮೊದಲು ನಡೆದ ಅಂಗಳದ ವಿಚಾರಣೆಯ ದಿನ ಅಧಿಕಾರಿಗೆ ಎರಡು ವಾಕ್ಯದಲ್ಲಿ ಹೇಳಬಹುದಾದದ್ದನ್ನು ನಾನು ಕಂದು ಕೋಟಿನಿಂದ ಶುರುಮಾಡಿದೆ. ನಾನು ಎರಡನೆಯ ನಕ್ಷೆಗೆ ಬರುವಷ್ಟರಲ್ಲಿ ಆತ ಊಟಕ್ಕೆ ಎದ್ದ. ಅವಳು ಹಿಂದಿನ ಬೆಂಚಿನಲ್ಲಿ ಕೂತಿದ್ದಳು. ಅಂಗಳ ಕಳೆದವನು ನಾನೇ ಎಂದು ಅವಳು ತೀರ್ಮಾನಿಸಿದ್ದಾಳೆ. ಇನ್ನು ನಾನು ಆಕಾಶದಲ್ಲೇ ತೋಟ ಮಾಡಿದರೂ ಹತ್ತಿ ಬರುವುದಿಲ್ಲ.

ಮಳೆ ಹತ್ತಿರವಾಗಿದೆ. ಬರದಿದ್ದರೆ ಸಸಿಯನ್ನು ಡಾಕ್ಟರಿಗೆ ಕೊಟ್ಟು, ಮಡಿಗಳನ್ನೆಲ್ಲ ಕಿತ್ತುಹಾಕುತ್ತೇನೆ.

ಭಾವ


ಮೇ 23

ಭಾವ,

ಅಕ್ಕನಿಗೆ ಕೊಟ್ಟ ಮಾತು ಮುರಿಯುತ್ತಿದ್ದೇನೆ. ಅವಳು ಬೈದರೆ ನೀವೇ ಅಡ್ಡ ನಿಲ್ಲಬೇಕು.

ಅವಳಿಗೆ ಮೆಟ್ಟಿಲು ಹತ್ತಲು ಆಗುವುದಿಲ್ಲ. ಎರಡೂ ಮಂಡಿ ಸವೆದಿವೆ. ನೀವು ಪುರಸಭೆಗೆ ಹೋದ ದಿನಗಳಲ್ಲಿ ಆಟೋ ಮಾಡಿಕೊಂಡು ಮೂಳೆ ಡಾಕ್ಟರ ಹತ್ತಿರ ಹೋಗಿ ಬರುತ್ತಾಳೆ. ಸಮತಟ್ಟಿನಲ್ಲಿ ಗೋಡೆ ಹಿಡಿದು ನಡೆಯುತ್ತಾಳೆ, ಅಷ್ಟೇ.

ಮಾರ್ಚಿನಲ್ಲಿ ಫೋನಿನಲ್ಲಿ ಹೇಳಿದಳು. 'ಭಾವನಿಗೆ ಹೇಳೇ' ಅಂದೆ. 'ಹೇಳಿದ್ರೆ ತೋಟ ಬಿಟ್ಟು ಕೆಳಗೆ ಕೂತ್ಕೋತಾರೆ ಕಣೋ. ಅಂಗಳ ಹೋದ್ಮೇಲೆ ಆ ಕುರ್ಚೀಲಿ ಹೇಗೆ ಕೂತಿದ್ರು ಗೊತ್ತಾ ನಿಂಗೆ? ಅನ್ನ ಕಲಸಿ ಹಾಗೇ ಬಿಡ್ತಿದ್ರು. ಈಗ ಮೇಲೆ ಹತ್ತಿ ಎಲ್ರನ್ನೂ ಬೈತಾರೆ, ಕೆಳಗೆ ಇಳಿದು ಹೊಟ್ಟೆ ತುಂಬ ಉಣ್ತಾರೆ. ಬೈಲಿ ಬಿಡು' ಅಂದಳು.

ಅವಳು ನಿಮ್ಮನ್ನು ಕ್ಷಮಿಸುವಂಥದ್ದು ಏನೂ ಇಲ್ಲ. ಇಷ್ಟು ದಿನ ಕಂಬಿ, ಪಟ್ಟಿ ನೆಲ ಎಂದು ಸುತ್ತಿ ಬಳಸಿ ಬರೆದ ನನ್ನನ್ನು ನೀವು ಕ್ಷಮಿಸಿದರೆ ಸಾಕು.

ಸಿಮೆಂಟು


ಜೂನ್ 14

ಪ್ರಿಯ ಸಿಮೆಂಟು,

ನಿನ್ನ ಕಾಗದ ಬಕೀಟಿನಲ್ಲಿ ಬಂತು. ಅಂಚೆಯವ ಕೊಟ್ಟದ್ದನ್ನು ಅವಳೇ ಚಹಾದ ಜೊತೆ ಕಟ್ಟಿ 'ಎಳೀರಿ, ನನ್ ತಮ್ಮಂದು' ಎಂದು ಕೂಗಿದ್ದಳು. ಬದನೆ ಮಡಿಯ ಪಕ್ಕದಲ್ಲಿ ನಿಂತೇ ಓದಿದೆ.

ನನಗೆ ಕಂದು ಕೋಟು ನೆನಪಿದೆ. ಆ ಸಿಗರೇಟು ಯಾವ ಕೈಯಲ್ಲಿತ್ತು ಎಂಬುದೂ ನೆನಪಿದೆ. ಮೂರು ನಕ್ಷೆಗಳ ಗೆರೆ ಕಣ್ಣುಮುಚ್ಚಿ ಎಳೆಯಬಲ್ಲೆ. ನಿನ್ನ ಅಕ್ಕ ಕೊನೆಯ ಸಲ ಈ ಮೆಟ್ಟಿಲು ಹತ್ತಿದ್ದು ಯಾವಾಗ ಎಂದು ಅಲ್ಲಿ ನಿಂತು ಯೋಚಿಸಿದೆ. ನೆನಪಾಗಲಿಲ್ಲ. ಚಹಾ ಆರಿ ಕೆನೆ ಕಟ್ಟಿತು, ಆಗಲೂ ಇಲ್ಲ.

ಇಳಿದು ಬಂದೆ. ಓಣಿಯ ಗೋಡೆಯ ಮೇಲಿನ ಆ ಕೊಳೆಯ ಗೆರೆ ಇತ್ತಲ್ಲ, ಅದರ ಮೇಲೆ ನನ್ನ ಕೈ ಇಟ್ಟು ನಡೆದೆ. ಅಡುಗೆಮನೆಯ ಬಾಗಿಲಲ್ಲಿ ಶುರು, ಮಂಚದ ಹತ್ತಿರ ಕೊನೆ. ಮೂಲೆ ತಿರುಗುವಲ್ಲಿ ಗಾಢವಾಗಿದೆ, ಅಲ್ಲಿ ಅವಳು ನಿಂತು ಉಸಿರು ತೆಗೆದುಕೊಳ್ಳುತ್ತಾಳೆ. ಬಣ್ಣದ ಅಂಗಡಿಯವನಿಗೆ ನಾನು ಆಗಲೇ ಎರಡು ಪುಟ ಬರೆದು ಹಾಕಿದ್ದೆ.

ಅವಳು ಸ್ಟೂಲಿನ ಮೇಲೆ ಕೂತು ಬೀನ್ಸ್ ಸೋಸುತ್ತಿದ್ದಳು, ಮೇಲಿನಿಂದ ನಾನೇ ಇಳಿಸಿದ ಬೀನ್ಸು.

'ಮಂಡಿ ಹೇಗಿದೆ?' ಅಂದೆ.

ಅವಳ ಕೈ ನಿಂತಿತು. 'ಆ ಸಿಮೆಂಟು ಬಿರುಕು ಬಿಡ್ತಾ?'

'ಯಾವಾಗಿಂದ ಹೀಗೆ?'

'ಯಂತ್ರ ಬರೋಕ್ಕೂ ಮುಂಚಿನಿಂದ. ಕಳೆ ಕೀಳೋಕೆ ಕೂತ್ರೆ, ಏಳೋವಾಗ ನಿಂಬೆ ಗಿಡದ ಕಾಂಡ ಹಿಡ್ಕೊಂಡು ಏಳ್ತಿದ್ದೆ. ಅದು ಹೋದ್ಮೇಲೆ ಎಲ್ಲೂ ಕೂರೋಕೆ ಭಯ ಆಯ್ತು.'

'ನಂಗೆ ಹೇಳ್ಬಾರ್ದಿತ್ತಾ?'

'ಹೇಳೋಕೆ ಸಂದು ಎಲ್ಲಿತ್ತು ರೀ? ನಾನು ಬಾಯಿ ತೆಗೆದ್ರೆ ನಿಮ್ ಬಾಯಲ್ಲಿ ಆಗ್ಲೇ ಪುರಸಭೆ ಕೂತಿರ್ತಿತ್ತು.' ಆಮೇಲೆ ಒಂದು ಬೀನ್ಸ್ ಮುರಿದು, 'ಬಲಿತು ಹೋಗಿದೆ. ಎರಡು ದಿನ ಮುಂಚೆ ಕೀಳ್ಬೇಕಿತ್ತು. ಇದನ್ನ ಹೇಳೋಕೂ ಮೇಲೆ ಬರೋಕಾಗ್ಲಿಲ್ವಲ್ಲ ಅಂತ ಹೊಟ್ಟೆ ಉರೀತಿತ್ತು ನಂಗೆ' ಅಂದಳು.

ನಾಲ್ಕು ದಿನ ನನಗೆ ಸಿಟ್ಟು. ನಿನ್ನ ಮೇಲೆ, ಅವಳ ಮೇಲೆ, ಮೊಣಕಾಲೆತ್ತರದ ಮೆಟ್ಟಿಲು ಕಟ್ಟಿದ ಆ ಗುತ್ತಿಗೆದಾರನ ಮೇಲೆ. ಎಲ್ಲರ ಸರದಿ ಮುಗಿದ ಮೇಲೆ ಉಳಿದವನು ನಾನೊಬ್ಬನೇ. ಐದನೆಯ ದಿನ ಬೆಳಗ್ಗೆ ನಿಂಬೆ ಸಸಿಯನ್ನು ಬಕೀಟಿನಲ್ಲಿಟ್ಟು ರಾಟೆಯಿಂದ ಇಳಿಬಿಟ್ಟೆ. ಹಗ್ಗದ ತುದಿಯನ್ನು ಹಲ್ಲಿನ ಡಾಕ್ಟರು ಹಿಡಿದಿದ್ದರು. 'ಹತ್ತಿಸಿದ್ದೂ ನೀವೇ, ಇಳಿಸ್ತಿರೋದೂ ನೀವೇ. ನನ್ ಬೆನ್ನು ಹೋಯ್ತು' ಎಂದು ಗೊಣಗುತ್ತಲೇ ಇಳಿಸಿದರು.

ಆ ಪಟ್ಟಿ ನೆಲದಲ್ಲಿ ಗುಂಡಿ ತೆಗೆದೆ. ಸುಳ್ಳು ಹೇಳುವುದಿಲ್ಲ, ಗೋಡೆಗೆ ಅಂಟಿಸಿ ತೆಗೆದೆ. ಬೇರಾದರೂ ಗೋಡೆಯ ಅಡಿಯಿಂದ ನುಗ್ಗಿ ನಮ್ಮ ಹಳೆಯ ಅಂಗಳಕ್ಕೆ ಹೋಗಲಿ ಎಂದು ಒಳಗೇ ಒಂದು ಆಸೆ. ಅವಳು ಬಾಗಿಲ ಹೊರಗೆ ಗಿಡ್ಡ ಮಣೆ ಹಾಕಿಸಿಕೊಂಡು ಕೂತು ನೋಡುತ್ತಿದ್ದಳು.

'ಅಲ್ಯಾಕೆ ಗೋಡೆಗೆ ಒತ್ತಿಡ್ತೀರಿ? ಉಸಿರಾಡೋದು ಬೇಡ್ವಾ ಅದಕ್ಕೆ? ಈಚೆ ತನ್ನಿ. ಇನ್ನೂ ಈಚೆ. ನನ್ ಕೈಗೆ ಸಿಗಬೇಕು.'

ಹೊಸ ಗುಂಡಿ ತೆಗೆದೆ. ಗಡಿಯ ಒಳಗೆ, ಅವಳ ಕೈಗೆಟಕುವಷ್ಟು ಹತ್ತಿರ. ಎದುರು ಸಾಲಿನ ಕಿಟಕಿಯಲ್ಲಿ ಗುತ್ತಿಗೆದಾರ ನಿಂತು ನೋಡುತ್ತಿದ್ದ. ಫೋಟೋ ತೆಗೆದುಕೊಂಡರೆ ತೆಗೆದುಕೊಳ್ಳಲಿ. ಅರ್ಜಿ ಹಿಂತೆಗೆದುಕೊಂಡಿಲ್ಲ, ವಿಚಾರಣೆಗೆ ಹೋಗುತ್ತೇನೆ, ಈ ಸಲ ಎರಡೇ ವಾಕ್ಯ. ಆದರೆ ಅದು ಅವಳನ್ನು ಮೂಳೆ ಡಾಕ್ಟರ ಹತ್ತಿರ ಕರೆದೊಯ್ಯುವ ದಿನವೇ ಬಿದ್ದರೆ ಅರ್ಜಿಯೇ ಕಾಯಬೇಕು.

ಮೇಲಿನ ತೋಟ ಹಾಗೇ ಇದೆ. ಸಂದೇಹ ಬಂದ ಗಿಡದ ಒಂದು ರೆಂಬೆಯನ್ನು ಬಕೀಟಿನಲ್ಲಿ ಇಳಿಸುತ್ತೇನೆ, ಅವಳು ಎಲೆ ಮಗುಚಿ ನೋಡಿ ಬೈದು ಮೇಲೆ ಕಳಿಸುತ್ತಾಳೆ. ಇಲ್ಲಿಯವರೆಗೆ ನಾನು ಮಾಡಿದ್ದರಲ್ಲಿ ಸರಿಯಾದದ್ದು ಇಟ್ಟಿಗೆ ಜೋಡಿಸಿದ್ದೊಂದೇ ಎಂದು ಗೊತ್ತಾಗಿದೆ. ಓಣಿಯ ಗೆರೆಯ ಮೇಲೆ ಕಂಬಿ ಹಾಕಿಸುತ್ತಿದ್ದೇನೆ. ಬಣ್ಣ ಹಾಗೇ ಇರಲಿ.

ನೀನು ಕೇಳುವ ಮೊದಲೇ ಹೇಳುತ್ತೇನೆ, ಸಸಿಯನ್ನು ನೆಟ್ಟದ್ದು ಅವಳೇ. ಕವರು ಸೀಳಿದಳು, ಬೇರು ಬಿಡಿಸಿದಳು, ಮಣ್ಣು ಎಳೆದು ಎರಡೂ ಅಂಗೈಯಿಂದ ಒತ್ತಿದಳು. ಕೈ ತೊಳೆಯದೆ ಬಹಳ ಹೊತ್ತು ಹಾಗೇ ಕೂತಿದ್ದಳು. ಆಮೇಲೆ ಏಳಬೇಕೆಂದು ಹಳೆಯ ಅಭ್ಯಾಸದಲ್ಲಿ ಕಾಂಡಕ್ಕೆ ಕೈ ಚಾಚಿದಳು. ಸಸಿ ಇನ್ನೂ ಪೆನ್ಸಿಲಿನಷ್ಟು ದಪ್ಪ. ಕೈ ಹಿಂದಕ್ಕೆ ಎಳೆದುಕೊಂಡು ನನ್ನ ಕಡೆ ನೋಡಿದಳು.

'ಇದು ದಪ್ಪ ಆಗೋವರ್ಗೂ ನೀವೇ ಇಲ್ಲಿ ನಿಂತ್ಕೋಬೇಕು' ಅಂದಳು.

ನಿಂತಿದ್ದೇನೆ.

ನಿನ್ನ ಭಾವ